ಪಕ್ಕದ ಕುರ್ಚಿ

ನಾವು ಅಂದರೆ ಇಬ್ಬರು. ಅಣ್ಣತಮ್ಮಂದಿರ ಮಕ್ಕಳು, ಒಂದೇ ಕೇರಿಯಲ್ಲಿ ಹುಟ್ಟಿದವರು, ಒಂದೇ ವರ್ಷ ಒಂದೇ ಸರ್ಕಾರಿ ಬ್ಯಾಂಡಿಗೆ ಸೇರಿ ಮೂವತ್ತು ಚಿಲ್ಲರೆ ವರ್ಷ ಊದಿ ನಿವೃತ್ತರಾದವರು. ಒಬ್ಬ ಫ್ಲೂಟು, ಇನ್ನೊಬ್ಬ ಕ್ಲಾರಿನೆಟ್ಟು. ಈ ಬರಹವನ್ನು ಒಬ್ಬ ಹೇಳಿದ, ಇನ್ನೊಬ್ಬ ಬರೆದ. ಯಾವ ಮಾತು ಯಾರದು ಎಂದು ಬಿಡಿಸುತ್ತ ಕೂತರೆ ಜಗಳವಾಗುತ್ತದೆ. ಅದಕ್ಕೇ ಎಲ್ಲ ಕಡೆ ನಾವು ಎಂದೇ ಹಾಕಿದ್ದೇವೆ. ಬ್ಯಾಂಡಿನ ಹೆಸರು ಬೇಡ. ಊರಿನ ಹೆಸರೂ ಬೇಡ.

ಹೇಳಲು ಹೊರಟಿದ್ದು ನಮ್ಮ ಕತೆಯನ್ನಲ್ಲ. ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಫ್ಲೂಟು ಊದಿದ ಎಲಿಜಬೆತ್ ರೋ ಎಂಬ ಹೆಣ್ಣುಮಗಳ ಕತೆಯನ್ನು. 2018ರಲ್ಲಿ ಆಕೆ ಸಂಬಳದ ವಿಚಾರವಾಗಿ ಕೋರ್ಟಿಗೆ ಹೋದಳು. ಆ ಸುದ್ದಿಯನ್ನು ಮನೆಯ ಮಗಳು ಮೊಬೈಲಿನಲ್ಲಿ ತೋರಿಸಿ, 'ಅಪ್ಪಾ, ನಿಮ್ಮ ವಾದ್ಯದೋಳು ನೋಡು' ಅಂದಳು. ಅವತ್ತು ಹಿಡಿದ ಕತೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವವರ ತಂಡ. ಇದು ಅದಲ್ಲ. ಸುಮಾರು ನೂರು ಜನ ಕೂತು, ಬರೆದಿಟ್ಟ ಸಂಗೀತವನ್ನು ಒಬ್ಬನ ಕೈಕೋಲಿನ ಅಳತೆಗೆ ನುಡಿಸುವ ವಾದ್ಯವೃಂದ. ಬಾಸ್ಟನ್ನಿನದು ಶುರುವಾದದ್ದು 1881ರಲ್ಲಿ. ಮುಂದೆ ಪಿಟೀಲುಗಳು, ನಡುವೆ ಊದುವವರು, ಹಿಂದೆ ತುತ್ತೂರಿ, ನಗಾರಿ. ಊದುವವರ ಮೊದಲ ಸಾಲಿನಲ್ಲಿ ಫ್ಲೂಟಿನವರು, ಓಬೋದವರು ಅಕ್ಕಪಕ್ಕ. ಎರಡೂ ಗುಂಪಿನ ಮುಖ್ಯಸ್ಥರು ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂರುತ್ತಾರೆ. ಅವರ ಬೆನ್ನ ಹಿಂದೆ ಕ್ಲಾರಿನೆಟ್ಟು. ಈ ಕೂರುವ ಲೆಕ್ಕ ಓದುಗರಿಗೆ ನೆನಪಿರಲಿ, ಕತೆಯೆಲ್ಲ ಆ ಎರಡು ಕುರ್ಚಿಗಳದೇ.

ಓಬೋ ನೋಡದವರಿಗೆ ಹೇಳುವುದಾದರೆ ಅದು ನಮ್ಮ ಓಲಗದ ದೂರದ ನೆಂಟ. ಜೊಂಡಿನ ಎರಡು ಎಸಳು ಜೋಡಿಸಿ ಕಟ್ಟಿದ ಸಣ್ಣ ಬಾಯಿ. ಆ ಸೀಳಿನಲ್ಲಿ ಗಾಳಿ ನುಗ್ಗುವುದೇ ಕಷ್ಟ. ಊದುವವನ ಎದೆಯಲ್ಲಿ ಹಳೆಯ ಉಸಿರು ಉಳಿದುಬಿಡುತ್ತದೆ, ಹೊಸದು ಎಳೆಯಬೇಕಾದರೆ ಮೊದಲು ಅದನ್ನು ಚೆಲ್ಲಬೇಕು. ಫ್ಲೂಟಿನದು ಇದಕ್ಕೆ ತಿರುಗುಮುರುಗು. ಅದಕ್ಕೆ ಎಸಳಿಲ್ಲ. ತೂತಿನ ಅಂಚಿಗೆ ತುಟಿಯಿಂದಲೇ ಗಾಳಿ ಹೊಡೆಯಬೇಕು, ಅದರಲ್ಲಿ ಒಂದು ಪಾಲು ಹೊರಗೇ ಹೋಗುತ್ತದೆ. ಒಬ್ಬರಿಗೆ ಉಸಿರು ಮಿಕ್ಕಿ ಸಂಕಟ, ಇನ್ನೊಬ್ಬರಿಗೆ ಸಾಲದೆ ಸಂಕಟ.

ದೆಬುಸ್ಸಿ ಎಂಬ ಫ್ರೆಂಚರವನು 1894ರಲ್ಲಿ ಕೇಳಿಸಿದ ಒಂದು ಕೃತಿ ಇದೆ, ಕಾಡಿನ ದೇವತೆಯೊಬ್ಬನ ಮಧ್ಯಾಹ್ನದ ಬಗ್ಗೆ. ಅದು ಶುರುವಾಗುವುದೇ ಫ್ಲೂಟಿನಿಂದ. ನೂರು ಜನ ಸುಮ್ಮನೆ ಕೂತಿರುತ್ತಾರೆ, ಒಬ್ಬರೇ ಊದಬೇಕು. ಅದೂ ಎಲ್ಲಿಂದ? ಬೆರಳೆಲ್ಲ ಎತ್ತಿದಾಗ ಹುಟ್ಟುವ, ಫ್ಲೂಟಿನಲ್ಲೇ ಗಟ್ಟಿ ನಿಲ್ಲದ ಸ್ವರದಿಂದ. ದೊಡ್ಡ ವಾದಕರು ಆ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸಲು ನೋಡುತ್ತಾರೆ. ನಮ್ಮ ಬ್ಯಾಂಡ್ ಮಾಸ್ಟರರ ಪೆಟ್ಟಿಗೆಯಲ್ಲಿ ಅದರ ಹಳೆಯ ಹಾಳೆಯೊಂದಿತ್ತು. ಪರೇಡು ಇಲ್ಲದ ಮಧ್ಯಾಹ್ನ ನಾವೂ ನೋಡಿದೆವು. ಮೂರು ಉಸಿರು ಬೇಕಾಯಿತು, ಕೊನೆಗೆ ಕೆಮ್ಮೂ ಬಂತು.

ಇಂಥ ಸಾಲುಗಳನ್ನು ಊದಿ ತೋರಿಸಿದರೇ ಕುರ್ಚಿ. ರೋ ಬೆಳೆದದ್ದು ಆರೆಗಾನ್ ರಾಜ್ಯದ ಯೂಜೀನ್ ಎಂಬ ಊರಲ್ಲಿ, ಓದಿದ್ದು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಫೋರ್ಟ್ ವೇನ್, ಬಾಲ್ಟಿಮೋರ್, ವಾಷಿಂಗ್ಟನ್ ಎಂದು ಊರೂರಿನ ವಾದ್ಯವೃಂದಗಳಲ್ಲಿ ಊದಿಕೊಂಡು, 2004ರಲ್ಲಿ ಬಾಸ್ಟನ್ನಿನ ಮುಖ್ಯ ಫ್ಲೂಟಿನ ಕುರ್ಚಿಗೆ ಬಂದಳು. ಅಲ್ಲಿ ಇಂಥ ಕುರ್ಚಿಯೊಂದು ಖಾಲಿಯಾದರೆ ನೂರಾರು ಜನ ಅರ್ಜಿ ಹಾಕುತ್ತಾರೆ. ಮತ್ತೆ ಖಾಲಿಯಾಗಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುವುದರಿಂದ, ಒಬ್ಬ ವಾದಕನ ಆಯುಸ್ಸಿನಲ್ಲಿ ಅಂಥ ಅವಕಾಶ ಒಂದೆರಡು ಸಲ ಬಂದರೆ ಹೆಚ್ಚು.

ಪರೀಕ್ಷೆ ನಡೆಯುವುದು ಪರದೆಯ ಹಿಂದೆ. ಕೇಳುವವರು ಈಚೆ, ಊದುವವರು ಆಚೆ. ಹೆಸರು ಹೇಳುವಂತಿಲ್ಲ, ಒಂದು ನಂಬರು ಮಾತ್ರ. ಮಾತಾಡುವಂತಿಲ್ಲ. ನಡೆದು ಬರುವ ಸದ್ದಿನಿಂದ ಹೆಣ್ಣೋ ಗಂಡೋ ಗೊತ್ತಾಗಿಬಿಡುತ್ತದೆಂದು ಕೆಲವು ಕಡೆ ನೆಲಕ್ಕೆ ಜಮಖಾನ ಹಾಸುತ್ತಾರೆ, ಕೆಲವು ಕಡೆ ಮೆಟ್ಟು ಬಿಟ್ಟು ಬರಲು ಹೇಳುತ್ತಾರೆ.

ಇದನ್ನು ಮೊದಲು ಓದಿದಾಗ ನಮಗೆ ನಗು ಬಂತು. ಮೆಟ್ಟು ಬಿಟ್ಟು ಬಾ, ಮುಖ ತೋರಿಸಬೇಡ, ಮಾತಾಡಬೇಡ, ಸದ್ದು ಮಾತ್ರ ಕೊಡು. ಇದೇನು ಹೊಸದೇ? ನಮ್ಮಪ್ಪಂದಿರು ಇದನ್ನೇ ಅಲ್ಲವೇ ಮಾಡಿದ್ದು? ಜಾತ್ರೆಯಲ್ಲಿ ತೇರಿನ ಮುಂದೆ ತಮಟೆ ನಮ್ಮದು. ನಮ್ಮ ಸದ್ದಿಲ್ಲದೆ ದೇವರು ಹೊರಡುತ್ತಿರಲಿಲ್ಲ. ಆ ದೇವರು ಗುಡಿಯೊಳಕ್ಕೆ ಹೋಗುವಾಗ ಸದ್ದು ಜೊತೆಯಲ್ಲಿ ಒಳಗೆ ಹೋಗುತ್ತಿತ್ತು, ನಾವು ಗೋಡೆಯ ಹೊರಗೆ. ಕಲ್ಲಿನ ಪರದೆ. ಅದನ್ನು ಮೇಲೆತ್ತಿ 'ಯಾರಪ್ಪಾ ಅದು ಇಷ್ಟು ಚೆನ್ನಾಗಿ ಬಡಿದವನು, ಒಳಗೆ ಬಾ' ಎಂದು ಕರೆದವರಿಲ್ಲ.

ಅಮೆರಿಕದಲ್ಲಿ ಪರದೆ ಕೆಲಸ ಮಾಡಿದ್ದು ಬೇರೆ ರೀತಿ. 1970ರ ಹೊತ್ತಿಗೆ ಅಲ್ಲಿನ ದೊಡ್ಡ ಐದು ವಾದ್ಯವೃಂದಗಳಲ್ಲಿ ಹೆಂಗಸರು ನೂರಕ್ಕೆ ಐದೂ ಇರಲಿಲ್ಲ. 1990ರ ದಶಕ ಮುಗಿಯುವಷ್ಟರಲ್ಲಿ ನೂರಕ್ಕೆ ಇಪ್ಪತ್ತೈದರ ಹತ್ತಿರ ಬಂದರು. ಪರದೆಯೊಂದರಿಂದಲೇ ಆಯಿತೆಂದು ಹೇಳಲಾಗದು, ಆದರೆ ಪರದೆಯಿಂದಲೂ ಆಯಿತು. ಬಾಸ್ಟನ್ನಿನವರು ಅದನ್ನು 1952ರಲ್ಲೇ ಪ್ರಯೋಗ ಮಾಡಿದವರು. ಅದೇ ವರ್ಷ, ಮುಂದೆ ರೋ ಕೂತ ಇದೇ ಮುಖ್ಯ ಫ್ಲೂಟಿನ ಕುರ್ಚಿಗೆ ಡೋರಿಯಟ್ ಆಂಥನಿ ಡ್ವೈಯರ್ ಬಂದಳು. ಅಮೆರಿಕದ ದೊಡ್ಡ ವಾದ್ಯವೃಂದವೊಂದರಲ್ಲಿ ಮುಖ್ಯ ಕುರ್ಚಿ ಹಿಡಿದ ಮೊದಲ ಹೆಂಗಸರಲ್ಲಿ ಒಬ್ಬಳು. ಹೆಂಗಸರ ಮತದ ಹಕ್ಕಿಗೆ ಹೋರಾಡಿದ ಸೂಸಾನ್ ಆಂಥನಿಯ ವಂಶದವಳು. 1990ರ ತನಕ, ಮೂವತ್ತೆಂಟು ವರ್ಷ, ಅಲ್ಲಿಂದ ಏಳಲಿಲ್ಲ. ವಾಲ್ಟರ್ ಪಿಸ್ಟನ್ ಎಂಬ ಸಂಗೀತಗಾರ ಆಕೆಗೆಂದೇ ಒಂದು ಕಾಂಚೆರ್ಟೊ ಬರೆದ. ಕಾಂಚೆರ್ಟೊ ಎಂದರೆ ಸಾಲಿನಿಂದ ಎದ್ದು ಬಂದು, ಇಡೀ ವಾದ್ಯವೃಂದವನ್ನು ಬೆನ್ನಿಗಿಟ್ಟುಕೊಂಡು ಒಂಟಿಯಾಗಿ ನುಡಿಸುವಂಥದ್ದು.

ಪರದೆ ಬೇಕು ಎಂದು ಕೇಳಿದವರಲ್ಲಿ ಕರಿಯರೂ ಇದ್ದರು. 1969ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಮೇಲೆ ಇಬ್ಬರು ಕರಿಯ ವಾದಕರು, ಚೆಲ್ಲೋ ನುಡಿಸುವ ಅರ್ಲ್ ಮ್ಯಾಡಿಸನ್, ಡಬಲ್ ಬಾಸ್ ನುಡಿಸುವ ಆರ್ಥರ್ ಡೇವಿಸ್, ಆ ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಆಗ ಕಾಯಂ ಇದ್ದ ಕರಿಯ ಒಬ್ಬನೇ, ಪಿಟೀಲಿನ ಸ್ಯಾನ್‌ಫೋರ್ಡ್ ಅಲೆನ್. ಮರುವರ್ಷ ಆಯೋಗ ತೀರ್ಪು ಕೊಟ್ಟಿತು: ಕಾಯಂ ನೇಮಕದಲ್ಲಿ ಈ ಇಬ್ಬರಿಗೆ ಭೇದ ಮಾಡಿದ್ದು ರುಜುವಾಗಿಲ್ಲ, ಬದಲಿಗೆ ಬಂದು ನುಡಿಸುವವರನ್ನು ಕರೆಯುವುದರಲ್ಲಿ ಭೇದ ನಡೆದಿದೆ. ಬದಲಿಯವರನ್ನು ಕರೆಯುವುದು ಫೋನಿನಲ್ಲಿ, ಗೊತ್ತಿದ್ದವರು ಗೊತ್ತಿದ್ದವರನ್ನು. ಅಲ್ಲಿ ಪರದೆ ಎಲ್ಲಿ ಕಟ್ಟುತ್ತೀರಿ? ಇವತ್ತಿಗೂ ಅಲ್ಲಿನ ವಾದ್ಯವೃಂದಗಳಲ್ಲಿ ಕರಿಯರು ಬೆರಳಿಗೆ ಸಿಗುವಷ್ಟೇ. ಶಿಕಾಗೋದ ಡಿಮಾರ್ ಮಗಿಲ್ ಸಿಯಾಟಲ್ ಸಿಂಫನಿಯಲ್ಲಿ ಮುಖ್ಯ ಫ್ಲೂಟಿನ ಕುರ್ಚಿಯಲ್ಲಿ ಕೂತದ್ದನ್ನು ನೋಡಿ ನಮಗೆ ಸಂತೋಷವಾಯಿತು, ಹಾಗೆ ಕೂತ ಇನ್ನೊಬ್ಬರ ಹೆಸರು ಹುಡುಕಲು ಹೋಗಿ ಸುಸ್ತೂ ಆಯಿತು.

ರೋ ಕತೆಗೆ ಬರೋಣ. ಪರದೆಯ ಹಿಂದೆ ಊದಿದಳು, ಗೆದ್ದಳು. ಪರದೆ ಸರಿಯಿತು. ಸಂಬಳದ ಮಾತು ಶುರುವಾಗುವುದು ಅದಾದ ಮೇಲೆ. ಅಲ್ಲಿ ಸಂಘದ ಒಪ್ಪಂದದ ಪ್ರಕಾರ ಎಲ್ಲರಿಗೂ ಒಂದು ತಳಮಟ್ಟದ ಸಂಬಳ ಉಂಟು. ಅದರ ಮೇಲೆ ಎಷ್ಟು ಎಂಬುದನ್ನು ಮುಖ್ಯ ಕುರ್ಚಿಯವರು ಒಬ್ಬೊಬ್ಬರಾಗಿ ಆಡಳಿತದವರ ಎದುರು ಕೂತು ಮಾತಾಡಿಕೊಳ್ಳಬೇಕು. ಮುಖ ಕಾಣುತ್ತದೆ, ಹೆಣ್ಣೆಂಬುದು ಕಾಣುತ್ತದೆ. ವರ್ಷಗಳು ಕಳೆದ ಮೇಲೆ ರೋಗೆ ಗೊತ್ತಾದದ್ದು ಇದು: ಮೊಣಕೈ ತಾಗುವ ದೂರದಲ್ಲಿ ಕೂರುವ ಮುಖ್ಯ ಓಬೋ ವಾದಕ ಜಾನ್ ಫೆರಿಲೊ ಪಡೆಯುವುದರಲ್ಲಿ ಆಕೆ ಪಡೆಯುವುದು ಸುಮಾರು ಮುಕ್ಕಾಲು ಪಾಲು.

ಮ್ಯಾಸಚೂಸೆಟ್ಸ್ ರಾಜ್ಯದ ಹೊಸ ಸಮಾನ ವೇತನ ಕಾಯಿದೆ 2018ರ ಜುಲೈ 1ರಂದು ಜಾರಿಗೆ ಬಂತು. ಅದೇ ತಿಂಗಳು ಆಕೆ ದಾವೆ ಹಾಕಿದಳು. ಬಾಕಿ ಎಂದು ಕೇಳಿದ್ದು ಎರಡು ಲಕ್ಷ ಡಾಲರಿಗೂ ಹೆಚ್ಚು. ದಾವೆಯಲ್ಲಿ ಇನ್ನೊಂದು ಸಂಗತಿ ಇತ್ತು. ಹೆಣ್ಣುಗಂಡಿನ ಸಮಾನತೆಯ ಬಗ್ಗೆ ಟೀವಿಯವರು ಮಾಡುತ್ತಿದ್ದ ಕಾರ್ಯಕ್ರಮಕ್ಕೆ, ಪರದೆಯ ಹಿಂದಿನ ಪರೀಕ್ಷೆಯ ಬಗ್ಗೆ ಮಾತಾಡು ಎಂದು ಆರ್ಕೆಸ್ಟ್ರಾದವರೇ ಆಕೆಯನ್ನು ಕೇಳಿದ್ದರಂತೆ. ಆಕೆ ಸಂಬಳದ ವಿಚಾರ ತೆಗೆದ ಮೇಲೆ ಆ ಕರೆ ವಾಪಸಾಯಿತಂತೆ. ಇದನ್ನು ಓದಿ ನಾವು ಬಹಳ ಹೊತ್ತು ನಕ್ಕೆವು. ಅಂಬೇಡ್ಕರ್ ಜಯಂತಿಯ ದಿನ ನಮಗೂ ಬ್ಯಾಂಡಿನಲ್ಲಿ ಹಾರ ಹಾಕಿ ಫೋಟೋ ತೆಗೆಸಿದ್ದಾರೆ.

ಆಡಳಿತದವರು ಕೊಟ್ಟ ಉತ್ತರವನ್ನೂ ಹೇಳಬೇಕು. ಫ್ಲೂಟು ಬೇರೆ, ಓಬೋ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಓಬೋ ಹೆಚ್ಚು ಕಷ್ಟದ ವಾದ್ಯ. ಫ್ಲೂಟಿನವರು ಬೇಕಾದಷ್ಟು ಸಿಗುತ್ತಾರೆ, ಓಬೋದವರು ಸಿಗುವುದಿಲ್ಲ. ಇದರಲ್ಲಿ ಸುಳ್ಳೇ ತುಂಬಿದೆ ಎಂದು ನಾವು ಹೇಳುವುದಿಲ್ಲ. ವಾದ್ಯವೃಂದ ಶ್ರುತಿ ಮಾಡಿಕೊಳ್ಳುವುದು ಓಬೋ ಕೊಡುವ ಸ್ವರಕ್ಕೇ. ಆ ಎಸಳುಗಳನ್ನು ವಾದಕ ತಾನೇ ಚೂರಿ ಹಿಡಿದು ಕೆತ್ತಿಕೊಳ್ಳಬೇಕು. ಆದರೆ ಇದೇ ತರ್ಕವನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಗುದ್ದಲಿ ಬೇರೆ, ಕುರ್ಚಿಗೆ ಬೇರೆ. ಕಳೆ ಕೀಳುವವರು ಬೇಕಾದಷ್ಟು ಸಿಗುತ್ತಾರೆ.

ಇಲ್ಲಿ ಮೊಜಾರ್ಟನ ಒಂದು ಸಂಗತಿ ನೆನಪಾಗುತ್ತದೆ. ಫ್ಲೂಟು ಕಲಿತ ಎಲ್ಲರೂ ಊದಲೇಬೇಕಾದ ಡಿ ಮೇಜರಿನ ಕಾಂಚೆರ್ಟೊ ಮೂಲದಲ್ಲಿ ಓಬೋಗೆ ಬರೆದದ್ದು. 1778ರಲ್ಲಿ, ಡಿ ಜಾನ್ ಎಂಬ ಹಣವಂತನೊಬ್ಬ ಫ್ಲೂಟಿಗೆ ಬರೆದುಕೊಡು ಎಂದಿದ್ದಾಗ, ಮೊಜಾರ್ಟ್ ಹಳೆಯ ಓಬೋ ಕೃತಿಯನ್ನೇ ಒಂದು ಮೆಟ್ಟಿಲು ಮೇಲೆತ್ತಿ ಕೊಟ್ಟುಬಿಟ್ಟ. ಇನ್ನೂರು ಗುಲ್ಡನ್ ಎಂದು ಮಾತಾಗಿತ್ತು, ಕೈಗೆ ಬಂದದ್ದು ತೊಂಬತ್ತಾರು. ಕೇಳಿದಷ್ಟು ಕೃತಿ ಅವನು ಮುಗಿಸಿಯೂ ಇರಲಿಲ್ಲ ಅನ್ನಿ. ಅಂತೂ ಒಂದೇ ಹಾಡು, ಓಬೋದ ಬಾಯಲ್ಲೂ ಅದೇ, ಫ್ಲೂಟಿನ ಬಾಯಲ್ಲೂ ಅದೇ. ಇವತ್ತು ಎರಡರವರೂ ಅದನ್ನು ನುಡಿಸುತ್ತಾರೆ.

ಲಕ್ಷಗಟ್ಟಲೆ ಡಾಲರು ಎಣಿಸುವವಳ ಜಗಳ ನಮಗೇಕೆ ಎಂದು ಸಂಘಟನೆಯ ಗೆಳೆಯರೊಬ್ಬರು ಮುಖಕ್ಕೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆಕೆಯ ಸಂಬಳವನ್ನು ರೂಪಾಯಿಗೆ ಬದಲಿಸಿದರೆ ನಮ್ಮಂಥ ಎಷ್ಟು ಮನೆ ನಡೆಯುತ್ತದೋ ನಾವು ಲೆಕ್ಕ ಹಾಕಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆಕೆಯೂ ಅಲ್ಲ, ನಿಜ ಹೇಳಬೇಕೆಂದರೆ ಪಕ್ಕದ ಕುರ್ಚಿಯವನು. ಪತ್ರಿಕೆಯವರು ಫೆರಿಲೊನನ್ನು ಕೇಳಿದರು. ಹೆಚ್ಚು ಪಡೆಯುವವನು ಅವನೇ. ಸುಮ್ಮನಿರಬಹುದಿತ್ತು, ವಿಷಯ ಕೋರ್ಟಿನಲ್ಲಿದೆ ಎನ್ನಬಹುದಿತ್ತು. ಅವನು ಹೇಳಿದ್ದು, ಆಕೆ ತನಗೆ ಸರಿಸಮಳು, ತಾನು ಪಡೆಯುವುದಕ್ಕೆ ತಾನೆಷ್ಟು ಯೋಗ್ಯನೋ ಆಕೆಯೂ ಕಡೇಪಕ್ಷ ಅಷ್ಟು ಯೋಗ್ಯಳು ಎಂದು.

ಅದನ್ನು ಮಗಳು ಓದಿ ಹೇಳಿದ ದಿನ ನಮ್ಮಲ್ಲಿ ಕ್ಲಾರಿನೆಟ್ಟಿನವನು ಎದ್ದು ಹೊರಗೆ ಹೋದ. ರಾತ್ರಿ ಬಂದು, ಮೂವತ್ತು ವರ್ಷ ಹಳೆಯ ಒಂದು ವಿಷಯ ಬಾಯಿಬಿಟ್ಟ.

ನಮ್ಮ ಬ್ಯಾಂಡಿನಲ್ಲಿ ಸ್ಕೇಲು ಎಲ್ಲರಿಗೂ ಒಂದೇ. ಡ್ರಮ್ಮಿನವನಿಗೂ ಅಷ್ಟೇ, ಫ್ಲೂಟಿನವನಿಗೂ ಅಷ್ಟೇ. ಆ ವಿಚಾರದಲ್ಲಿ ಬಾಸ್ಟನ್ನಿಗಿಂತ ನಾವು ಮುಂದು. ವಾದ್ಯಗಳು ಸರ್ಕಾರದವು, ಉಗ್ರಾಣದಿಂದ ಕೊಡುತ್ತಾರೆ. 1986ರಲ್ಲಿ ಫ್ಲೂಟಿನವನು ತಂಗಿಯ ಮದುವೆಗೆಂದು ರಜೆ ಹಾಕಿದ್ದ. ಇನ್ನೊಬ್ಬ ಫ್ಲೂಟಿನವನ ವಾದ್ಯ ರಿಪೇರಿಗೆ ಹೋಗಿತ್ತು, ನಮ್ಮದನ್ನು ತಂದು ಅವನ ಕೈಗೆ ಕೊಟ್ಟರು. ಮುಟ್ಟಲಿಲ್ಲ. ಫ್ಲೂಟಿನೊಳಗೆ ನೀರು ಕೂರುತ್ತದೆ. ಅದು ಉಗುಳಲ್ಲ, ಬಿಸಿ ಉಸಿರು ತಣ್ಣನೆಯ ಲೋಹಕ್ಕೆ ತಾಗಿ ಕಟ್ಟಿದ ಬೆವರು. ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದರೆ ಆಯಿತು, ಎಲ್ಲರೂ ಅದನ್ನೇ ಮಾಡುವುದು. ಅವನು ಉಗ್ರಾಣದ ಮೂಲೆಯಲ್ಲಿ ಗುಜರಿಗೆ ಹಾಕಿದ್ದ ಬೇರೊಂದು ಫ್ಲೂಟಿನ ತಲೆ ಹುಡುಕಿ ತಂದು, ನಮ್ಮ ಫ್ಲೂಟಿನ ಮೈಗೆ ಸಿಕ್ಕಿಸಿದ. ನಮ್ಮ ಬೆರಳು ಮುಟ್ಟಿದ್ದು ನಡೆಯುತ್ತದೆ, ತುಟಿ ಮುಟ್ಟಿದ್ದು ನಡೆಯುವುದಿಲ್ಲ. ತಲೆ ಸರಿಯಾಗಿ ಕೂರಲಿಲ್ಲ, ದಾರ ಸುತ್ತಿ ಕೂರಿಸಿದ. ಗಾಳಿ ಸೋರಿ ಶ್ರುತಿ ಕೆಟ್ಟಿತು. ಆ ಕೆಟ್ಟ ಶ್ರುತಿಯಲ್ಲೇ ಒಂದು ಇಡೀ ಪರೇಡು ಊದಿದ. ಯಾರೂ ಏನೂ ಅನ್ನಲಿಲ್ಲ. ಕೇಳಿದವರಿಗೆ, ಅಡ್ಜಸ್ಟ್ ಮಾಡ್ಕೊಳ್ರಪ್ಪ ಎಂಬ ಉತ್ತರ ಸಿಕ್ಕಿತು.

ಅವನ ಬೆನ್ನ ಹಿಂದೆ ನಿಂತಿದ್ದವನು ನಮ್ಮ ಕ್ಲಾರಿನೆಟ್ಟಿನವನು. ಎಲ್ಲ ನೋಡಿದ್ದ. ಅವತ್ತೂ ಸುಮ್ಮನಿದ್ದ, ಫ್ಲೂಟಿನವನು ಮದುವೆ ಮುಗಿಸಿ ಬಂದ ದಿನವೂ ಸುಮ್ಮನಿದ್ದ. ಆ ವರ್ಷ ಅವನಿಗೆ ಬಡ್ತಿಯ ಹೆಸರು ಹೋಗಿತ್ತು. ಫ್ಲೂಟಿನವನು ಪೆಟ್ಟಿಗೆ ತೆಗೆದಾಗ ತಲೆಗೆ ಸುತ್ತಿದ್ದ ದಾರದ ಎಳೆ ಸಿಕ್ಕಿತ್ತು, ಯಾಕೆಂದು ತಿಳಿದಿರಲಿಲ್ಲ. ಮೂವತ್ತೆರಡು ವರ್ಷದ ಮೇಲೆ ತಿಳಿಯಿತು. ಆ ರಾತ್ರಿ ನಮ್ಮ ನಡುವೆ ಏನು ಮಾತಾಯಿತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ತಿಂಗಳು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ, ಅಷ್ಟು ಸಾಕು.

ರೋ ದಾವೆ 2019ರ ಫೆಬ್ರವರಿಯಲ್ಲಿ ರಾಜಿಯಾಯಿತು. ಷರತ್ತುಗಳನ್ನು ಹೊರಗೆ ಹೇಳಲಿಲ್ಲ. ಆಕೆ ಮತ್ತೆ ಅದೇ ಕುರ್ಚಿಯಲ್ಲಿ ಕೂತು ಊದಿದಳು, 2024ರಲ್ಲಿ ತಾನಾಗಿಯೇ ಬಿಟ್ಟು ಬೇರೆ ಕೆಲಸ ಹಿಡಿದಳು. ಕೋರ್ಟು ಕಚೇರಿ ನಡೆಯುತ್ತಿದ್ದ ತಿಂಗಳುಗಳಲ್ಲೂ, ದೆಬುಸ್ಸಿಯ ಆ ಸಾಲಿನಂಥದ್ದು ಬಂದಾಗ, ಎದುರುಪಾರ್ಟಿಯ ವೇದಿಕೆಯ ಮೇಲೇ ಕೂತು ಉಸಿರು ಎಳೆದುಕೊಳ್ಳಬೇಕಾಗಿತ್ತಲ್ಲ, ಅದು ಹೇಗಿದ್ದೀತು ಎಂದು ಈಗಲೂ ನಾವು ಯೋಚಿಸುತ್ತೇವೆ. ಸಿಟ್ಟಿದ್ದರೆ ಫ್ಲೂಟು ಮಾತು ಕೇಳುವುದಿಲ್ಲ. ತುಟಿ ಗಟ್ಟಿಯಾಗುತ್ತದೆ.

ರಾಜಿಯಾದ ಸುದ್ದಿ ಬಂದ ವಾರ ಊರಿಗೆ ಹೋಗಿದ್ದೆವು, ಇಬ್ಬರೂ. ಅವ್ವ ಜಗಲಿಯ ಮೇಲೆ ಕೂತಿದ್ದಳು. ಒಬ್ಬನಿಗೆ ಹೆತ್ತವ್ವ, ಒಬ್ಬನಿಗೆ ದೊಡ್ಡವ್ವ, ಕರೆಯುವುದು ಇಬ್ಬರೂ ಅವ್ವ ಎಂದೇ. ಮೂವತ್ತು ವರ್ಷ ಒಡೆಯರ ಹೊಲಗಳಲ್ಲಿ ಕಳೆ ಕಿತ್ತವಳು. ಗಂಡಾಳಿಗೆ ನಾಲ್ಕು ಸೇರು ರಾಗಿ, ಹೆಣ್ಣಾಳಿಗೆ ಎರಡು. 1976ರಲ್ಲಿ ದಿಲ್ಲಿಯಲ್ಲಿ ಸಮಾನ ವೇತನದ ಕಾಯಿದೆ ಆಯಿತು, ಆ ಸೇರಿಗೆ ಅದು ಗೊತ್ತಾಗಲೇ ಇಲ್ಲ. ಸಂಜೆ ಕಣದಲ್ಲಿ ಗಂಡಸರು ಮೊದಲು ಸಾಲು ನಿಲ್ಲುತ್ತಿದ್ದರು, ಹೆಂಗಸರು ಆಮೇಲೆ. ಮೀಸೆ ಚಿಗುರಿದ ವರ್ಷದಿಂದ ನಮಗೂ ನಾಲ್ಕು ಸೇರು. ಅವ್ವನಿಗಿಂತ ಎರಡು ಹೆಚ್ಚು. ಕಳೆ ಕೀಳುವುದನ್ನು ನಮಗೆ ಕಲಿಸಿದವಳೇ ಅವಳು.

ಕತೆಯನ್ನು ನಿಧಾನವಾಗಿ ಹೇಳಿದೆವು. ಪರದೆ, ಕುರ್ಚಿ, ಸಂಬಳ, ಕೋರ್ಟು. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. ಪಕ್ಕದವನ ಮಾತು ಬಂದಾಗ ಕೈ ನಿಂತಿತು.

'ಅವ್ನೇ ಹೇಳುದ್ನಾ? ಜಾಸ್ತಿ ಈಸ್ಕತಿದ್ದೋನೇ?'

'ಹೂಂ ಕಣವ್ವ, ಅವ್ನೇ.'

'ಅಳಿಯೋರ ಎದುರಿಗೇ?'

'ಪೇಪರಿನೋರ ಮುಂದೆ. ಎಲ್ಲಾರ್ಗೂ ಗೊತ್ತಾಗೋ ಹಂಗೆ.'

ಅವ್ವ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡಳು. 'ನಿಮ್ಮಪ್ಪದೀರು ಒಂದಿನ ಹೇಳ್ನಿಲ್ಲ ಕಣ್ರಪ್ಪಾ' ಅಂದಳು. ಸ್ವಲ್ಪ ಹೊತ್ತಾದ ಮೇಲೆ, ಸಿಟ್ಟಿಲ್ಲದೆ, ಹೊಲದ ದಾರಿ ಕೇಳುವವಳ ಹಾಗೆ, 'ನೀವೂ ಅಲ್ಲೇ ಇದ್ರಿ, ಅಲ್ವಾ?' ಅಂದಳು.

ಹೌದವ್ವ ಅಂದೆವು. ಫ್ಲೂಟಿನವನು ನೀರು ತರುತ್ತೇನೆಂದು ಒಳಗೆ ಹೋದ. ಅವ್ವ ಎಲೆಯಡಿಕೆ ಚೀಲವನ್ನು ಕ್ಲಾರಿನೆಟ್ಟಿನವನ ಕಡೆ ತಳ್ಳಿ, 'ಆಮೇಲೆ? ಕೊಟ್ರಾ ಅವಳ್ಗೆ?' ಎಂದು ಕೇಳಿದಳು.